ಬುಧವಾರ, ಪಾರ್ಕಿಗೆ ಹೋಗದೆ

ಮೇಕನ್ ಬಿಡುವಾಗ ನನ್ನ ಚೀಲದಲ್ಲಿ
ನಾಲ್ಕು ಹಾಳೆಯ ವೇಳಾಪಟ್ಟಿ:
ಏಳೂವರೆಗೆ ಗೇಟು, ಎಂಟಕ್ಕೆ ದೆವ್ವದ ಹಡಗು,
ಹನ್ನೊಂದೂ ಹತ್ತಕ್ಕೆ ಅತ್ತೆಯ ಬಿ.ಪಿ. ಮಾತ್ರೆ.
ಉಚ್ಚೆಗೂ ಐದು ನಿಮಿಷ ಎತ್ತಿಟ್ಟಿದ್ದೆ.
ಎರಡು ದಿನ ಅದರಂತೆ ಓಡಿದೆವು.
ಕೊಟ್ಟ ದುಡ್ಡು ನಾಯಿಯ ಹಾಗೆ ಬೆನ್ನಟ್ಟುತ್ತಿತ್ತು,
ನಿಂತರೆ ಕಚ್ಚೀತು.

ಮೂರನೆಯ ಬೆಳಿಗ್ಗೆ ಎಜ್ರಾ
ಒಂದೇ ಕಾಲಿಗೆ ಶೂ ತೊಟ್ಟು ನೆಲದ ಮೇಲೆ ಕುಕ್ಕರಿಸಿದ:
"ಇವತ್ತು ಕ್ಯೂ ಇಲ್ಲದ ಕಡೆ ಹೋಗೋಣಮ್ಮ."
ಆರು ವರ್ಷದವನ ಮಾತಿಗೆ
ಎಪ್ಪತ್ತೊಂದರ ಓಪಲ್ ಅತ್ತೆ
ಏನೂ ಹೇಳದೆ ತನ್ನ ಶೂ ಬಿಚ್ಚಿದಳು.
ನಮ್ಮಲ್ಲಿ ಬಹುಮತ ಬೀಳುವುದು ಹೀಗೆ.

ಎಲ್ಲಿಗೂ ಹೋಗಲಿಲ್ಲ.

ರೆಸಾರ್ಟಿನ ಕೊಳ ಆಮೆಯ ಆಕಾರದ್ದಂತೆ,
ವಿಮಾನದಲ್ಲಿ ಹೋಗುವವರಿಗೆ ಕಂಡೀತು;
ನಮಗೆ ಅದು ನೀರು.
ಬಾಗಿದ ಕೊಕ್ಕಿನ ಬಿಳಿ ಹಕ್ಕಿಗಳು
ಬಾಡಿಗೆ ವಸೂಲಿಗೆ ಬಂದವರ ಗತ್ತಿನಲ್ಲಿ
ಕುರ್ಚಿಯಿಂದ ಕುರ್ಚಿಗೆ ನಡೆದವು.
ಅತ್ತೆಯ ತಟ್ಟೆಯಿಂದಲೇ ಒಂದು ಆಲೂಗಡ್ಡೆ ಕಡ್ಡಿ ಎತ್ತಿದ ಹಕ್ಕಿಗೆ
ಅವಳು ಇಟ್ಟ ಹೆಸರು ಪಾಸ್ಟರ್:
"ಕಾಣಿಕೆ ತಟ್ಟೆ ತಿರುಗಿಸುವಾಗ
ನಮ್ಮವರದ್ದೂ ಇದೇ ನಡಿಗೆ."

ಹದಿಮೂರರ ಕಿಯೋನಾ, ಎರಡು ದಿನದಿಂದ
ಯಾವ ಫೋಟೋಗೂ ಮುಖ ಕೊಡದವಳು,
ಅಜ್ಜಿಯ ಬೆನ್ನಡಿ ಎರಡೂ ಅಂಗೈ ಹಿಡಿದು
ತೇಲುವುದನ್ನು ಹೇಳಿಕೊಟ್ಟಳು.
"ಕತ್ತು ಬಿಡಜ್ಜಿ. ಇನ್ನೂ ಬಿಡು. ನಾನಿದ್ದೀನಿ."
ಅತ್ತೆ ಹುಡುಗಿಯಾಗಿದ್ದಾಗ ಅವಳ ಊರಿನವರು
ಕರಿಯ ಮಕ್ಕಳು ಇಳಿದಾರೆಂದು
ಇದ್ದೊಂದು ಕೊಳಕ್ಕೆ ಕಾಂಕ್ರೀಟು ಸುರಿದಿದ್ದರು.
ಆ ಕತೆ ಇವತ್ತು ಅವಳು ಹೇಳಲಿಲ್ಲ.
ಕಿವಿಯವರೆಗೆ ನೀರು ಬಂದಾಗ
ಏನೋ ಕೇಳಿಸಿದವಳ ಹಾಗೆ ಕಣ್ಣು ಮುಚ್ಚಿದಳು.
ಕಿಯೋನಾ ಕೈ ತೆಗೆದದ್ದು
ಅವಳಿಗೆ ಗೊತ್ತೇ ಆಗಲಿಲ್ಲ.

ವೇಳಾಪಟ್ಟಿಯ ಎರಡನೆಯ ಹಾಳೆ ದೋಣಿಯಾಯಿತು.
ಮೂರನೆಯದೂ.
ಮೂರು ಗಂಟೆಗೆ ಸರಿಯಾಗಿ, ಯಾರೋ ಟಿಕೆಟ್ ಹರಿದಂತೆ, ಗುಡುಗು;
ಸೀಟಿ ಊದಿ ಎಲ್ಲರನ್ನೂ ಮೇಲೆಬ್ಬಿಸಿದರು.
ಚಪ್ಪರದಡಿ ಒದ್ದೆ ಟವೆಲುಗಳಲ್ಲಿ ಐವರು ಮುದುಡಿ
ನಮ್ಮ ದೋಣಿಗಳು ಮುಳುಗುವುದನ್ನು ನೋಡಿದೆವು.
ಐವರೆಂದರೆ, ವೆಂಡೆಲ್ ನೋಡಲಿಲ್ಲ.
ಅವನಿಗೆ ಕೂತಲ್ಲೇ ನಿದ್ದೆ.

ಹದಿನಾಲ್ಕು ವರ್ಷದಿಂದ ಬ್ರೆಡ್ ಕಾರ್ಖಾನೆಯ ಒಲೆಯ ಮುಂದೆ
ರಾತ್ರಿ ಪಾಳಿ. ಅವನು ಬರುವ ಹೊತ್ತಿಗೆ
ನಾನು ಸ್ಕೂಲ್ ಬಸ್ಸಿನ ಸ್ಟೀರಿಂಗ್ ಹಿಡಿದಿರುತ್ತೇನೆ.
ನಮ್ಮ ಹಾಸಿಗೆಗೆ ಬಿಡುವೇ ಇಲ್ಲ,
ನಾನೆದ್ದ ಬಿಸಿಯಲ್ಲಿ ಅವನು,
ಅವನೆದ್ದ ಬಿಸಿಯಲ್ಲಿ ನಾನು.

ರಾತ್ರಿ ಎರಡಕ್ಕೆ ಎಚ್ಚರವಾಯಿತು.
ಪಕ್ಕ ಖಾಲಿ. ರೂಢಿ; ಕೈ ಹುಡುಕಲೂ ಇಲ್ಲ.
ಆಮೇಲೆ ನೆನಪಾಯಿತು, ನಾವು ಮನೆಯಲ್ಲಿಲ್ಲ.
ಅವನು ಬಾಲ್ಕನಿಯಲ್ಲಿ, ಬರಿಗಾಲಲ್ಲಿ.
ದೂರದ ದೊಡ್ಡ ಚಕ್ರ ದೀಪ ಆರಿಸಿ ನಿಂತಿತ್ತು.
ಕೆಳಗೆ ಒಬ್ಬ ಉದ್ದ ಕೋಲಿನ ಬಲೆಯಲ್ಲಿ
ಕೊಳದ ಎಲೆಗಳನ್ನು, ನಮ್ಮ ಎರಡು ದೋಣಿಗಳನ್ನು,
ಅವಸರವಿಲ್ಲದೆ ಎತ್ತುತ್ತಿದ್ದ.
"ನಮ್ಮ ಪಾಳಿಯವನು," ಅಂದ ವೆಂಡೆಲ್.
ಕೈಯೆತ್ತಿದ.
ಕೆಳಗಿನವನು ಬಲೆ ಎತ್ತಿ ತೋರಿಸಿದ.

ಬಂದು ಮಲಗಿದ.
ಯಾವಾಗಲೂ ಈಸ್ಟು ನಾರುವ ಕೂದಲಲ್ಲಿ ಇವತ್ತು ಕ್ಲೋರಿನ್.
ಮದುವೆಯಾದಲ್ಲಿಂದ ಒಂದೇ ಕತ್ತಲಲ್ಲಿ
ಇಬ್ಬರೂ ನಿದ್ದೆಹೋದ ರಾತ್ರಿಗಳೆಷ್ಟು,
ಉಳಿದ ಹಾಳೆಯ ಬೆನ್ನಿಗೆ ಲೆಕ್ಕ ಬರೆಯಲು ಹೊರಟೆ.
ಅವನ ತೋಳು ಭಾರವಾಗಿ ಮೇಲೆ ಬಿತ್ತು.
ಪೆನ್ನು ಎಟುಕಲಿಲ್ಲ.

ಏಳೂವರೆಗೆ ಗೇಟು ತೆರೆದಿರಬೇಕು.